ಮೂಗಣ್ಣ ಪಾಸು ಮಾಡಿದ ಶಾಲು

ಮನುಷ್ಯನ ಜಂಬ ಮೈಯ ಯಾವ ಭಾಗದಲ್ಲಿ ಬೇಕಾದರೂ ಮನೆ ಮಾಡಬಹುದು. ಕೆಲವರಿಗೆ ಮೀಸೆಯಲ್ಲಿ, ಕೆಲವರಿಗೆ ಕೂದಲಲ್ಲಿ, ಇನ್ನು ಕೆಲವರಿಗೆ ನಾಲಿಗೆಯಲ್ಲಿ. ನಮ್ಮ ಮೂಗಣ್ಣನಿಗೆ ಅದು ಮೂಗಿನಲ್ಲೇ ಇತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಅವನ ಹೆಂಡತಿಯೂ ಮರೆತಂತಿದ್ದಳು. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ಮೂಗಣ್ಣ. ಹಾಗೆ ಕರೆದರೆ ಅವನಿಗೆ ಬೇಸರವೇನೂ ಇರಲಿಲ್ಲ, ಒಳಗೊಳಗೇ ಉಬ್ಬಿಹೋಗುತ್ತಿದ್ದ.

ಅವನ ಕೆಲಸ ವಾಸನೆ ನೋಡುವುದು. ನಗಬೇಡಿ, ನಿಜವಾಗಿಯೂ ಅಷ್ಟೇ ಕೆಲಸ. ಅವನಿದ್ದ ಕಂಪನಿ ಭೂಮಿಯ ಸುತ್ತ ತಿರುಗುವ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸುತ್ತಿತ್ತು. ಊಟದ ಪೊಟ್ಟಣ, ನೀರು, ಬಟ್ಟೆ, ಔಷಧಿ, ಸ್ಕ್ರೂಡ್ರೈವರು, ಪ್ರಯೋಗದ ಡಬ್ಬಿ, ಎಲ್ಲವೂ ಜನರಿಲ್ಲದ ನೌಕೆಯಲ್ಲಿ ಮೇಲಕ್ಕೆ ಹೋಗಬೇಕು. ಅಲ್ಲಿರುವವರಿಗೆ ಕಿಟಕಿ ತೆಗೆದು ಗಾಳಿ ಬಿಟ್ಟುಕೊಳ್ಳುವ ಭಾಗ್ಯವಿಲ್ಲ. ಒಂದು ಕೆಟ್ಟ ವಾಸನೆ ಒಳಗೆ ಹೋಯಿತೋ, ಅದರ ಜೊತೆಗೇ ಮಲಗಬೇಕು, ಅದರ ಜೊತೆಗೇ ಏಳಬೇಕು. ಆದ್ದರಿಂದ ಮೇಲೆ ಹೋಗುವ ಪ್ರತಿಯೊಂದು ವಸ್ತುವನ್ನೂ ಮೊದಲು ಇಲ್ಲಿ ಐದು ಜನ ಕೂತು ಮೂಸಬೇಕು. ವಸ್ತುವನ್ನು ಗಾಜಿನ ಭರಣಿಯಲ್ಲಿ ಬೆಚ್ಚಗಿಟ್ಟು, ಅದರ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಒಬ್ಬೊಬ್ಬರ ಮೂಗಿನ ಹತ್ತಿರ ಬಿಡುತ್ತಾರೆ. ಏನೂ ಇಲ್ಲ ಎಂದರೆ ಸೊನ್ನೆ, ತಡೆಯಲಾಗದು ಎಂದರೆ ನಾಲ್ಕು. ಬೆರಳೆತ್ತಿ ತೋರಿಸಬೇಕು. ಆ ಐವರಿಗೆ ಮುಖ್ಯಸ್ಥ ನಮ್ಮ ಮೂಗಣ್ಣ.

ಒಂದು ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು, ನೆಗಡಿ ಬಂತು, ಎರಡೂ ಹೋದವು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋದವು. ಬೆಳಿಗ್ಗೆ ಕಾಫಿಯ ಲೋಟ ಮೂಗಿಗೆ ಹಿಡಿದರೆ ಬರೀ ಬಿಸಿ. ಸೋಪು ಹಿಡಿದರೆ ಬರೀ ತಣ್ಣಗೆ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದ. ಬರಲಿಲ್ಲ. ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ಗೋಳಾಡುತ್ತಿದ್ದರು. ಮೂಗಣ್ಣ ಹೇಗೆ ಹೇಳಿಕೊಳ್ಳುತ್ತಾನೆ? ಹಾಡುವವನು ಗಂಟಲು ಹೋಯಿತೆಂದು ಸಾರಿಕೊಂಡು ತಿರುಗುತ್ತಾನೆಯೇ?

ಕೆಲಸದ ಜಾಗದಲ್ಲಿ ಸಿಕ್ಕಿಬೀಳಬೇಕಿತ್ತು, ಆದರೆ ಸಿಕ್ಕಿಬೀಳಲಿಲ್ಲ. ಯಾಕೆಂದರೆ ಅಲ್ಲಿಯ ಪದ್ಧತಿ ಹಾಗಿತ್ತು. ಪ್ರತಿ ಸಲ ಕೂರುವ ಮೊದಲು ಮೂಗುಗಳಿಗೇ ಒಂದು ಪರೀಕ್ಷೆ. ಕೆಲವು ಶೀಶೆಗಳಲ್ಲಿ ಬರೀ ನೀರು, ಕೆಲವುಗಳಲ್ಲಿ ವಾಸನೆಯ ನೀರು. ಯಾವುದು ಯಾವುದೆಂದು ಹೇಳಿದವರು ಮಾತ್ರ ಕೂರಬಹುದು. ಆ ಶೀಶೆ ಹಿಡಿದು ಉಳಿದವರ ಮೂಗು ಪರೀಕ್ಷಿಸುವವನು ಮುಖ್ಯಸ್ಥ. ಮುಖ್ಯಸ್ಥನ ಮೂಗನ್ನು ಯಾರು ಪರೀಕ್ಷಿಸಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಇನ್ನು ಬೆರಳೆತ್ತುವಾಗ ಅವನು ಅರೆಗಳಿಗೆ ತಡೆದು, ಪಕ್ಕದ ಕುರ್ಚಿಯ ಹೆಂಗಸಿನ ಹುಬ್ಬು ನೋಡುತ್ತಿದ್ದ. ಹುಬ್ಬು ಗಂಟಿಕ್ಕಿದರೆ ಮೂರು, ಸುಮ್ಮನಿದ್ದರೆ ಸೊನ್ನೆ. ಆ ಹೆಂಗಸಿಗೆ ತನ್ನ ಹುಬ್ಬಿನಿಂದ ಇಬ್ಬರ ಕೆಲಸ ನಡೆಯುತ್ತಿದೆ ಎಂಬುದು ಆಗ ಗೊತ್ತಾಗಲಿಲ್ಲ.

ಸಿಕ್ಕಿಬಿದ್ದದ್ದು ಮನೆಯಲ್ಲಿ. ಅವನು ಕೂತು ಪೇಪರು ಓದುವ ಕುರ್ಚಿಯ ಹಿಂದೆ, ಕಪಾಟಿನ ಸಂದಿಯಲ್ಲಿ ಇಲಿಯೊಂದು ಸತ್ತು ಬಿದ್ದಿತ್ತು. ಪಕ್ಕದ ಮನೆಯವರು ಬಂದು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ಮೂಗಣ್ಣ ಮಾತ್ರ ಇಲಿಗೆ ಬೆನ್ನು ಕೊಟ್ಟು, ಕಾಲ ಮೇಲೆ ಕಾಲು ಹಾಕಿಕೊಂಡು, ಕ್ರೀಡಾಪುಟ ಓದುತ್ತಿದ್ದ.

ಹೆಂಡತಿ ಇಲಿಯನ್ನು ಹೊರಗೆ ಹಾಕಿ ಬಂದು ಅವನ ಎದುರು ನಿಂತಳು. "ಎಷ್ಟು ದಿನದಿಂದ?" ಎಂದಳು.

"ಯಾವುದು?"

"ನನ್ನ ಹತ್ರ ನಾಟಕ ಬೇಡ. ಗೇಟಲ್ಲಿರೋವಾಗಲೇ ಒಳಗೆ ಏನು ಬೇಯ್ತಿದೆ ಅಂತ ಹೇಳ್ತಿದ್ದ ಮನುಷ್ಯ ನೀವು. ಆಫೀಸಲ್ಲಿ ಹೇಳಿದ್ದೀರಾ?"

"ಬರುತ್ತೆ ಕಣೇ, ಇನ್ನೊಂದು ವಾರ. ಡಾಕ್ಟ್ರು ಹೇಳಿದ್ದಾರೆ."

"ಯಾವ ಡಾಕ್ಟ್ರು?"

ಯಾವ ಡಾಕ್ಟರೂ ಇರಲಿಲ್ಲ. ಡಾಕ್ಟರ ಹತ್ತಿರ ಹೋದರೆ ನಿಜ ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಆ ವಾರ ಕಳೆಯಿತು. ವಾಸನೆ ಬರಲಿಲ್ಲ, ಬಂದದ್ದು ಶಾಲು.

ನೌಕೆ ಹಾರುವ ಹಿಂದಿನ ದಿನ ಕೊನೆಗಳಿಗೆಯ ಸರಕು ಎಂದು ಒಂದಿಷ್ಟು ಒಳಗೆ ಹೋಗುತ್ತದೆ. ತಾಜಾ ಹಣ್ಣು, ತಣ್ಣಗಿಡಬೇಕಾದ ಔಷಧಿ, ಮತ್ತೆ ಮೇಲಿರುವವರಿಗೆ ಮನೆಯವರು ಕಳಿಸುವ ಸಣ್ಣ ಗಂಟು. ಇದಕ್ಕೆ ಐವರನ್ನು ಕೂರಿಸಿ ಸಿರಿಂಜು ಹಿಡಿಯುವಷ್ಟು ಪುರುಸೊತ್ತು ಇರುವುದಿಲ್ಲ. ಮುಖ್ಯಸ್ಥ ಒಬ್ಬನೇ ಮೂಸಿ ಹಸಿರು ಚೀಟಿ ಅಂಟಿಸಿದರೆ ಮುಗಿಯಿತು. ಅಂಟಿಸದಿದ್ದರೆ ಗಂಟು ಮನೆಗೆ ವಾಪಸ್ಸು.

ಆವತ್ತು ಗಂಟು ತಂದವಳು ನಿಲ್ದಾಣದಲ್ಲಿದ್ದ ಇಂಜಿನಿಯರ್ ಹುಡುಗಿಯ ತಾಯಿ. ಬಟ್ಟೆ ಹೊಲಿದು ಮಗಳನ್ನು ಓದಿಸಿದವಳು, ಬೆರಳ ತುದಿಯೆಲ್ಲ ಸೂಜಿ ತಾಗಿ ಗಟ್ಟಿಯಾಗಿತ್ತು. ಸ್ವೆಟರಿನ ಮೇಲೆ ಕಂಪನಿಯವರು ಕೊಟ್ಟ ಸಂದರ್ಶಕರ ಬಿಲ್ಲೆ ತೂಗುತ್ತಿತ್ತು, ಅದು ನೆಟ್ಟಗಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದಳು. ಗಂಟಿನಲ್ಲಿದ್ದುದು ಒಂದು ಹಳೆಯ ಉಣ್ಣೆ ಶಾಲು. ಮಗಳು ಮಗುವಾಗಿದ್ದಾಗ ಅದನ್ನು ಹೊದ್ದೇ ಮಲಗುತ್ತಿದ್ದಳಂತೆ. ಮೇಲೆ ಎಲ್ಲಕ್ಕೂ ಪ್ಲಾಸ್ಟಿಕ್ಕಿನ ವಾಸನೆ, ನಿನ್ನ ಶಾಲು ಕಳಿಸಮ್ಮಾ ಎಂದು ಈಗ ಅವಳೇ ಕೇಳಿದ್ದಳಂತೆ.

"ಸರ್, ಒಂದು ಮಾತು," ಎಂದಳು ಆಕೆ ಸಂಕೋಚದಿಂದ. "ಇದು ಟ್ರಂಕಲ್ಲಿತ್ತು. ಹುಳ ಹೊಡೆಯುತ್ತೆ ಅಂತ ನುಸಿಗುಳಿಗೆ ಹಾಕಿಟ್ಟಿದ್ದೆ. ಗುಳಿಗೆ ಎಲ್ಲ ತೆಗೆದು, ಒಗೆದು, ಬಿಸಿಲಿಗೆ ಹಾಕಿದ್ದೀನಿ. ಆದ್ರೂ ವಾಸನೆ ಉಳಿದಿದ್ಯಾ ಅಂತ ನನಗೆ ಗೊತ್ತಾಗ್ತಿಲ್ಲ. ದಿನಾ ಅದೇ ಮನೇಲಿರೋಳು ನಾನು. ಒಂಚೂರು ಸರಿಯಾಗಿ ನೋಡ್ತೀರಾ?"

ಎಂಥ ಒಳ್ಳೆ ಅವಕಾಶ ನೋಡಿ. 'ನನಗೂ ಗೊತ್ತಾಗ್ತಿಲ್ಲಮ್ಮ' ಎಂದಿದ್ದರೆ ಸಾಕಿತ್ತು. ಪಕ್ಕದ ಕೋಣೆಯಲ್ಲಿ ಇನ್ನೂ ನಾಲ್ಕು ಮೂಗುಗಳಿದ್ದವು, ಕೂಗಿದರೆ ಓಡಿ ಬರುತ್ತಿದ್ದವು. ಮೂಗಣ್ಣ ಶಾಲನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರೆಳೆದ. ಉಣ್ಣೆ ಮೂಗಿಗೆ ಚುಚ್ಚಿತು, ಅಷ್ಟೇ. ಹುಬ್ಬು ನೋಡಿ ಕಾಪಿ ಹೊಡೆಯೋಣವೆಂದರೆ ಎದುರಿಗಿದ್ದ ಮುಖದಲ್ಲಿ ಬರೀ ನಂಬಿಕೆ ಇತ್ತು.

"ಏನೂ ಇಲ್ಲಮ್ಮಾ," ಎಂದ.

"ನಿಜವಾಗ್ಲೂ? ಇನ್ನೊಂದ್ಸಲ ನೋಡ್ತೀರಾ?"

"ಅಮ್ಮಾ, ಈ ಮೂಗು ಪಾಸು ಮಾಡಿದ್ರೆ ಮುಗೀತು. ಇಡೀ ಕಂಪನೀಲಿ ಕೇಳಿ ನೋಡಿ," ಎಂದು ನಕ್ಕು ಹಸಿರು ಚೀಟಿ ಅಂಟಿಸಿದ.

ಆಕೆಯ ಮುಖ ಅರಳಿತು. ಚೀಲಕ್ಕೆ ಹಾಕುವ ಮೊದಲು ಒಂದು ಸಲ ಹಿಡಿದುಕೊಳ್ಳಲೇ ಎಂದು ಕೇಳಿದಳು. ಶಾಲನ್ನು ಎದೆಗೆ ಒತ್ತಿಕೊಂಡು, ಅದರ ಅಂಚನ್ನು ಬೆರಳಿನಿಂದ ಸವರಿ, ವಾಪಸ್ಸು ಕೊಟ್ಟಳು. ಮೂಗಣ್ಣನೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಬಾಯಿ ಮುಚ್ಚಿದ.

ನೌಕೆ ಹಾರಿತು, ನಿಲ್ದಾಣ ಸೇರಿತು. ಗಾಳಿಯಾಡದ ಚೀಲದೊಳಗೆ, ದಾರಿಯುದ್ದಕ್ಕೂ ಉಣ್ಣೆಯ ಎಳೆಎಳೆಯಿಂದ ನುಸಿಗುಳಿಗೆಯ ಆವಿ ಹೊರಗೆ ಬಂದು ತುಂಬಿಕೊಂಡಿತ್ತು. ಮಗಳು ತನ್ನ ಮಲಗುವ ಗೂಡಿನಲ್ಲಿ, ಆಸೆಯಿಂದ, ಚೀಲದ ಬಾಯಿ ತೆರೆದು ಮುಖವನ್ನೇ ಒಳಗೆ ಹಾಕಿದಳು. ಅವಳಿಗೆ ತಲೆ ಸಿಡಿಯಿತು. ಪಕ್ಕದವನಿಗೆ ವಾಂತಿಯಾಯಿತು. ತೂಕವಿಲ್ಲದ ಜಾಗದಲ್ಲಿ ವಾಂತಿ ಎಂದರೆ ಏನೆಂದು ನಾನು ಬಿಡಿಸಿ ಹೇಳುವುದಿಲ್ಲ. ಎಲ್ಲರೂ ಮುಖವಾಡ ಹಾಕಿಕೊಂಡು ಇನ್ನೊಂದು ಕೋಣೆಗೆ ಸರಿದರು, ಅವತ್ತಿನ ಪ್ರಯೋಗಗಳೆಲ್ಲ ನಿಂತವು, ಗಾಳಿ ಶುದ್ಧ ಮಾಡುವ ಯಂತ್ರಗಳು ಪೂರ್ತಿ ಜೋರಿನಲ್ಲಿ ಓಡಿದವು. ಶಾಲನ್ನು ಚೀಲದ ಮೇಲೆ ಚೀಲ ಹಾಕಿ ಬಿಗಿದು, ಸರಕು ತಂದ ನೌಕೆಗೇ ವಾಪಸ್ಸು ತುರುಕಿದರು. ಆ ನೌಕೆ ಹೋಗುವಾಗ ನಿಲ್ದಾಣದ ಕಸ ಹೊತ್ತುಕೊಂಡು ಹೋಗುತ್ತದೆ. ಭೂಮಿಯ ಗಾಳಿಗೆ ತಾಗಿದಾಗ ಕಸವೂ ನೌಕೆಯೂ ಒಟ್ಟಿಗೇ ಉರಿದು ಬೂದಿಯಾಗುತ್ತವೆ.

ಸುದ್ದಿ ಮೂಗಣ್ಣನಿಗೂ ಮುಟ್ಟಿತು. ಮ್ಯಾನೇಜರು ಕರೆದಾಗ, ಹೇಳಿಬಿಡೋಣ ಎಂದುಕೊಂಡೇ ಹೋದ. ಈ ಮಾತನ್ನು ಅವನ ಪರವಾಗಿ ಹೇಳಲೇಬೇಕು. ಬಾಗಿಲ ಹೊರಗೆ ನಿಂತು ಮಾತನ್ನು ಜೋಡಿಸಿಕೊಂಡೂ ಇದ್ದ. ಆದರೆ ಮ್ಯಾನೇಜರು ಬಾಯಿ ತೆರೆಯಲು ಬಿಡಲಿಲ್ಲ.

"ಬನ್ನಿ ಮೂಗಣ್ಣ, ಕೂತ್ಕೊಳ್ಳಿ. ನಿಮ್ಮ ಮೇಲೆ ಯಾರಿಗೂ ಅನುಮಾನ ಇಲ್ಲ. ನಿಮ್ಮ ಮೂಗು ತಪ್ಪೋದು ಅಂದ್ರೆ ಏನು, ಹುಡುಗಾಟನಾ? ಒಂದೇ ವಿಷಯ ಕೇಳ್ಬೇಕಿತ್ತು. ನೀವು ಚೀಟಿ ಅಂಟಿಸಿದ ಮೇಲೆ ಆ ಅಮ್ಮ ಶಾಲನ್ನ ಮತ್ತೆ ಕೈಗೆ ತಗೊಂಡಿದ್ರಂತೆ, ಹೌದಾ?"

ಮೂಗಣ್ಣ ಕೂತ. ಮೇಜಿನ ಮೇಲೆ ಗಾಜಿನ ಗುಂಡು ಇತ್ತು, ಅದರೊಳಗೆ ಸಣ್ಣ ನೌಕೆಯ ಬೊಂಬೆ.

"ತಗೊಂಡಿದ್ದರು," ಎಂದ.

"ಅಷ್ಟೇ ಬೇಕಾಗಿದ್ದದ್ದು. ಪಾಪ, ಹುಳ ಹೊಡೆಯುತ್ತೆ ಅಂತ ಆವಾಗಲೇ ಮಡಿಕೆ ಒಳಗೆ ಗುಳಿಗೆ ಪುಡಿ ಏನೋ ತುರುಕಿರಬೇಕು."

ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಆಡಿದ ಒಂದು ಪದವೂ ಸುಳ್ಳಲ್ಲ. ಸುಳ್ಳು ಹೇಳದೆ ಇಷ್ಟು ದೊಡ್ಡ ಸುಳ್ಳನ್ನು ಹೇಳಬಹುದೆಂದು ಅವನಿಗೇ ಅವತ್ತಿನವರೆಗೆ ಗೊತ್ತಿರಲಿಲ್ಲ. ಸಂಜೆ ಕಂಪನಿಯ ಹೇಳಿಕೆ ಬಂತು: ಕುಟುಂಬದ ಸದಸ್ಯರೊಬ್ಬರು ತಪಾಸಣೆಯ ನಂತರ ನಿಯಮ ಮೀರಿ ಸೇರಿಸಿದ ವಸ್ತುವಿನಿಂದ ಈ ಘಟನೆ ನಡೆದಿದೆ. ಮರುದಿನ ಬಸ್ಸಿನಲ್ಲಿ ಮುಂದಿನ ಸೀಟಿನವರಿಬ್ಬರು ಅದನ್ನೇ ಆಡಿಕೊಂಡು ನಗುತ್ತಿದ್ದರು. ತಾಯಂದಿರೆಂದರೆ ಹಾಗೇ, ರಾಕೆಟ್ಟಿಗೂ ನುಸಿಗುಳಿಗೆ ಹಾಕಿಬಿಡುತ್ತಾರೆ ಎಂದ ಒಬ್ಬ. ಮೂಗಣ್ಣ ತನ್ನ ಸ್ಟಾಪಿಗಿಂತ ಮೊದಲೇ ಇಳಿದು ನಡೆದುಕೊಂಡು ಹೋದ.

ಅದಕ್ಕಿಂತ ದೊಡ್ಡದು ಮುಂದೆ ಕಾದಿತ್ತು. ತಾಯಿಯನ್ನು ವಿಚಾರಿಸಬೇಕೆಂದು ಕಂಟ್ರೋಲ್ ರೂಮಿಗೆ ಕರೆಸಿದರು. ಮಗಳನ್ನೂ ಮೇಲಿನಿಂದ ಮಾತಿಗೆ ಕರೆದರು. ಮನೆಯವರ ಮಾತುಕತೆಗೆ ಬೇರೆ ಬಾಗಿಲು ಹಾಕಿದ ಕೋಣೆ ಇದೆ, ಆದರೆ ಇದು ವಿಚಾರಣೆ. ಹೀಗಾಗಿ ಇಡೀ ಕೋಣೆಗೆ ಕೇಳುವಂತೆ ಸ್ಪೀಕರಿನಲ್ಲೇ ನಡೆಯಿತು. ಸಾಲುಸಾಲು ಮೇಜಿನಲ್ಲಿ ಕೂತಿದ್ದವರೆಲ್ಲ ತಲೆ ತಗ್ಗಿಸಿ ಕೆಲಸ ಮಾಡುವವರಂತೆ ನಟಿಸುತ್ತಿದ್ದರು. ಮೂಗಣ್ಣ ಹಿಂದಿನ ಸಾಲಿನ ಗೋಡೆಗೆ ಒರಗಿ ನಿಂತಿದ್ದ.

ದೊಡ್ಡ ಪರದೆಯ ಮೇಲೆ ಮಗಳ ಮುಖ ಬಂತು. ಕಣ್ಣು ಊದಿತ್ತು, ನಿದ್ದೆಯಿಲ್ಲದ ಮುಖ. ಪಕ್ಕದಲ್ಲಿ ಅವಳ ಜೊತೆಯವರೂ ಇದ್ದರು.

"ಅಮ್ಮಾ, ನಾನು ಎಷ್ಟು ಸಲ ಹೇಳಿದ್ದೆ? ಏನೂ ಹಾಕಬೇಡ, ಏನೂ ಸೇರಿಸಬೇಡ, ಅವರು ಹೇಳಿದ ಹಾಗೆ ಮಾಡು ಅಂತ. ಜೀವನದಲ್ಲಿ ಒಂದೇ ಒಂದು ಸಲ ನಾನು ಹೇಳಿದ್ದು ಕೇಳೋಕೆ ಆಗಲ್ವಾ ನಿನಗೆ? ಇಲ್ಲಿ ಇವರಿಗೆಲ್ಲ ನಾನು ಹೇಗೆ ಮುಖ ತೋರಿಸ್ಲಿ?"

ತಾಯಿ ಮೈಕಿನ ಮುಂದೆ ನಿಂತಿದ್ದಳು. ಮೈಕು ಎತ್ತರದಲ್ಲಿತ್ತು, ಅದನ್ನು ಬಗ್ಗಿಸಬಹುದೆಂದು ಯಾರೂ ಹೇಳಿರಲಿಲ್ಲ. ಹಿಮ್ಮಡಿ ಎತ್ತಿ ಮಾತಾಡಿದಳು.

"ತಪ್ಪಾಯ್ತು ಮಗಳೇ," ಎಂದಳು.

ಆಮೇಲೆ ಪರದೆ ಕಪ್ಪಾಯಿತು. ಆಕೆ ಎಲ್ಲರಿಗೂ ಕೈಮುಗಿದು, ಮೆಟ್ಟಿಲ ಹತ್ತಿರ ದಾರಿ ತಪ್ಪಿ, ಯಾರೋ ತೋರಿಸಿದ ಮೇಲೆ ಹೊರಗೆ ಹೋದಳು. ಮೂಗಣ್ಣನಿಗೆ ನೆಲ ಬಾಯಿಬಿಟ್ಟು ನುಂಗಿದರೆ ಸಾಕೆನ್ನಿಸಿತು. ಹಾಗೆಲ್ಲ ನೆಲ ಬಾಯಿ ಬಿಡುವುದಿಲ್ಲ. ಬಿಡಬೇಕಾಗಿದ್ದದ್ದು ಅವನ ಬಾಯಿ.

ಮನೆಯಲ್ಲಿ ಹೆಂಡತಿ ಮಾತು ನಿಲ್ಲಿಸಿದ್ದಳು. ಜಗಳವಾಡಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅವಳು ಬಟ್ಟಲು ಎದುರಿಗಿಟ್ಟು, ಅವನು ಉಂಡದ್ದನ್ನು ಎತ್ತಿ, ದೀಪ ಆರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅವನು ಎರಡು ಸಲ "ಕೇಳಿಲ್ಲಿ" ಎಂದ. ಅವಳು ಕೇಳಲಿಲ್ಲ.

ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಆ ತಾಯಿ. ಕೈಯಲ್ಲಿ ಒಂದು ಬಟ್ಟೆಚೀಲ, ಹಣೆಯಲ್ಲಿ ಬೆವರು. ಕಂಪನಿಯ ಗೇಟಿನಲ್ಲಿ ಕಾಡಿ ಬೇಡಿ ವಿಳಾಸ ಕೇಳಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮೂಗಣ್ಣ ದಾರಿ ಬಿಟ್ಟು ಸರಿದ. ಗೊತ್ತಾಗಿಬಿಟ್ಟಿದೆ, ಉಗಿಯಲಿಕ್ಕೇ ಬಂದಿದ್ದಾಳೆ ಎಂದುಕೊಂಡ. ಒಂದು ಕಡೆಯಿಂದ ಹಾಯೆನಿಸಿತು ಕೂಡ.

ಆಕೆ ಕುರ್ಚಿಯ ತುದಿಯಲ್ಲಿ ಕೂತಳು. "ಸರ್, ನಿಮ್ಮ ಹತ್ರ ಕ್ಷಮೆ ಕೇಳೋಣ ಅಂತ ಬಂದೆ," ಎಂದಳು.

ಮೂಗಣ್ಣನಿಗೆ ಕಿವಿ ಸರಿಯಾಗಿ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

"ನಾನು ಏನೂ ತುರುಕಿಲ್ಲ ಸರ್, ನನ್ನ ಮಗಳಾಣೆಗೂ ಇಲ್ಲ. ಅವರು ಯಾಕೆ ಹಾಗೆ ಬರೆದ್ರು ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ. ಆಮೇಲೆ ಹೊಳೀತು. ಆವತ್ತು ನಾನು ಹಾಕ್ಕೊಂಡಿದ್ದ ಸ್ವೆಟರೂ ಅದೇ ಟ್ರಂಕಿಂದು. ನೀವು ನೋಡಿ ಪಾಸು ಮಾಡಿದ ಮೇಲೆ ನಾನು ಶಾಲನ್ನ ಎದೆಗೆ ಒತ್ಕೊಂಡೆನಲ್ಲ? ಆವಾಗಲೇ ನನ್ನ ಮೈಯಿಂದ ಅದಕ್ಕೆ ಹತ್ತಿರಬೇಕು. ಇಲ್ದಿದ್ರೆ ನಿಮ್ಮ ಮೂಗಿಗೆ ಗೊತ್ತಾಗ್ದೆ ಇರ್ತಿತ್ತಾ? ನನ್ನಿಂದ ನಿಮ್ಮ ಹೆಸರಿಗೂ ಮಸಿ ಹತ್ತೋ ಹಾಗಾಯ್ತು. ಅಪ್ಪಿಕೊಳ್ಳದೆ ಕೊಟ್ಟುಬಿಟ್ಟಿದ್ರೆ ಆಗ್ತಿತ್ತು. ಬುದ್ಧಿ ಇಲ್ಲ ನನಗೆ."

ಅಪ್ಪಿಕೊಂಡದ್ದೇ ತಪ್ಪು ಎಂದು ಆಕೆ ನಂಬಿದ್ದಳು. ಅದನ್ನು ಹೇಳುವಾಗ ಅಳಲಿಲ್ಲ, ಲೆಕ್ಕ ತಪ್ಪಿ ಬಟ್ಟೆ ಕತ್ತರಿಸಿದವರು ಗಿರಾಕಿಗೆ ಹೇಳುವಂತೆ ನೇರವಾಗಿ ಹೇಳಿದಳು. ಮೂಗಣ್ಣ ತಲೆ ತಗ್ಗಿಸಿದ. ಏನಾದರೂ ಹೇಳಬೇಕು. ಪರವಾಗಿಲ್ಲಮ್ಮ, ಹೋಗ್ಲಿ ಬಿಡಿ, ಎಂಬ ಮಾತೇ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಆಡಿಬಿಟ್ಟರೆ ಇನ್ನು ಈ ಜನ್ಮದಲ್ಲಿ ತಾನು ಕನ್ನಡಿ ನೋಡಲಾರೆ ಎಂಬುದೂ ಗೊತ್ತಿತ್ತು. ಆದರೂ ಬಾಯಿ ತೆರೆದ.

"ಪರವಾ..."

"ಅಯ್ಯೋ, ಏನೋ ಸೀದುಹೋಗ್ತಿದೆ!" ಎಂದು ಆಕೆ ಎದ್ದೇಬಿಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ, ಆರಿ, ತಳ ಹಿಡಿದು, ಕರಿ ಹೊಗೆ ಏಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ! ಗಂಡನನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಒಂದು ಲೋಟ ಹಾಲು ಚೆಲ್ಲಿದರೆ ಮನೆ ತಲೆ ಮೇಲೆ ಹೊತ್ತುಕೊಳ್ಳುವ ಹೆಂಗಸು, ಪಾತ್ರೆ ಪೂರ್ತಿ ಸುಡಲು ಬಿಟ್ಟು ನಿಂತಿದ್ದಳು.

"ಇಷ್ಟು ಸೀಯ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ ಸರ್?" ಎಂದು ಆ ತಾಯಿ ಸಹಜವಾಗಿ ಕೇಳಿದಳು.

"ಇಲ್ಲಮ್ಮ," ಎಂದ ಮೂಗಣ್ಣ. "ಗೊತ್ತಾಗ್ಲಿಲ್ಲ. ಆವತ್ತೂ ಗೊತ್ತಾಗಿರ್ಲಿಲ್ಲ."

ಆಕೆಗೆ ಅರ್ಥವಾಗಲಿಲ್ಲ.

"ಜ್ವರ ಬಂದಾಗಿನಿಂದ ನನಗೆ ಯಾವ ವಾಸನೆಯೂ ಇಲ್ಲ. ನಿಮ್ಮ ಶಾಲು ಹಿಡಿದಾಗಲೂ ಇರ್ಲಿಲ್ಲ. ಸುಮ್ನೆ ಮೂಸಿದ ಹಾಗೆ ಮಾಡಿದೆ. ನಿಮ್ಮ ಸ್ವೆಟರಿಂದ ಏನೂ ಹತ್ತಿಲ್ಲಮ್ಮ. ನೀವು ಅಪ್ಪಿಕೊಂಡದ್ದರಿಂದ ಏನೂ ಆಗಿಲ್ಲ. ವಾಸನೆ ಶಾಲಲ್ಲೇ ಇತ್ತು. ತಪ್ಪು ನಂದು."

ಹೆಂಡತಿ ಒಳಗೆ ಹೋಗಿ ಒಲೆ ಆರಿಸಿದಳು. ಮೂಗಣ್ಣ ಬೈಗುಳಕ್ಕೆ ಕಾದ. ಆ ತಾಯಿ ಬೈಯಲಿಲ್ಲ. ನಿಧಾನವಾಗಿ, ಮಕ್ಕಳನ್ನು ವಿಚಾರಿಸುವಂತೆ ಕೇಳಿದಳು.

"ನಾನು ಕೇಳಿದ್ದೆನಲ್ಲ ಸರ್?"

"ಕೇಳಿದ್ರಿ."

"ಗೊತ್ತಾಗ್ತಿಲ್ಲ ಅಂದಿದ್ರೆ ಮನೆಗೆ ತಗೊಂಡು ಹೋಗ್ತಿದ್ದೆ. ಬೇರೆ ಏನಾದ್ರೂ ಕಳಿಸ್ತಿದ್ದೆ. ಎರಡು ಸಲ ಕೇಳಿದ್ದೆನಲ್ಲ?"

ಆಕೆ ಬಾಗಿಲಿಗೆ ಹೋಗಿ ಚಪ್ಪಲಿ ಹಾಕಿಕೊಂಡಳು. ಹೆಂಡತಿ ಓಡಿ ಬಂದು, ನೀರಾದರೂ ಕುಡಿದು ಹೋಗಿ ಅಕ್ಕಾ ಎಂದಳು. ಬೇಡಮ್ಮ ಎಂದು ಹೊರಟುಬಿಟ್ಟಳು. ತಂದಿದ್ದ ಬಟ್ಟೆಚೀಲ ಕುರ್ಚಿಯ ಪಕ್ಕದಲ್ಲೇ ಉಳಿದಿತ್ತು. ಅದರಲ್ಲಿ ಹಣ್ಣುಗಳಿದ್ದವು, ಕ್ಷಮೆ ಕೇಳಲು ಬರಿಗೈಯಲ್ಲಿ ಹೇಗೆ ಬರುವುದೆಂದು ತಂದಿದ್ದು.

ಮರುದಿನ ಬೆಳಿಗ್ಗೆ ಮೂಗಣ್ಣ ಮ್ಯಾನೇಜರ ಎದುರು ನಿಂತು ಎಲ್ಲ ಹೇಳಿದ. ಮ್ಯಾನೇಜರು ಮೊದಲು ನಕ್ಕ, ಆಮೇಲೆ ಬೆವರಿದ, ಆಮೇಲೆ ಎದ್ದು ಬಾಗಿಲು ಹಾಕಿಕೊಂಡು ಬಂದ.

"ಇದನ್ನ ಇಲ್ಲಿಗೇ ಮುಗಿಸೋಣ. ನೀವು ಆರೋಗ್ಯ ಸರಿಯಿಲ್ಲ ಅಂತ ರಜ ಹಾಕಿ. ಆ ಅಮ್ಮನಿಗೆ ನಾವು ಒಂದು ಒಳ್ಳೆ ಪತ್ರ ಕಳಿಸೋಣ. ಹೊರಗೆ ಗೊತ್ತಾದ್ರೆ ನಿಮ್ಮ ಕಥೆ ಬಿಡಿ, ಇಷ್ಟು ದಿನ ನೀವು ಪಾಸು ಮಾಡಿದ್ದೆಲ್ಲ ಪ್ರಶ್ನೆಯಾಗುತ್ತೆ."

"ಆಗ್ಬೇಕು ಸರ್," ಎಂದ ಮೂಗಣ್ಣ. "ಅದನ್ನೆಲ್ಲ ಮತ್ತೆ ನೋಡ್ಬೇಕು. ನನಗೆ ಬೇಕಿರೋದು ಒಂದೇ. ಆ ಅಮ್ಮನಿಗೆ ಎಲ್ಲಿ ಬೈಗುಳ ಬಿತ್ತೋ, ಅಲ್ಲೇ ನಿಂತು ಹೇಳ್ಬೇಕು. ಅದೇ ಮೈಕು, ಅದೇ ಜನ. ನೀವು ಬಿಡದಿದ್ರೆ ಗೇಟ್ ಹೊರಗೆ ನಿಂತು ಪೇಪರಿನವರಿಗೆ ಹೇಳ್ತೀನಿ."

ಧೈರ್ಯದ ಮಾತಿನ ಹಾಗೆ ಕೇಳಿಸುತ್ತದೆ, ಧೈರ್ಯವೇನೂ ಇರಲಿಲ್ಲ. ಎರಡು ಸಲ ಕೇಳಿದ್ದೆನಲ್ಲ ಎಂಬ ಆ ದನಿ ರಾತ್ರಿಯಿಡೀ ಕಿವಿಯಲ್ಲಿತ್ತು, ಅದರಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ತೋಚಿರಲಿಲ್ಲ, ಅಷ್ಟೇ.

ಮ್ಯಾನೇಜರು ಒಪ್ಪಲೇಬೇಕಾಯಿತು. ನಿಲ್ದಾಣದ ಜೊತೆಗಿನ ಮುಂದಿನ ಮಾತುಕತೆಯ ದಿನ ಕಂಟ್ರೋಲ್ ರೂಮು ಅಷ್ಟೇ ತುಂಬಿತ್ತು. ಅವನ ನಾಲ್ಕು ಮೂಗಿನವರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ಪಕ್ಕದ ಕುರ್ಚಿಯ ಹೆಂಗಸಿನ ಹುಬ್ಬು ಆವತ್ತು ಅವನ ಕಡೆಗೇ ಗಂಟಿಕ್ಕಿತ್ತು. ಆ ತಾಯಿಗೆ ಬರಹೇಳಿದ್ದ, ಬರುತ್ತಾಳೆಂಬ ನಂಬಿಕೆಯಿರಲಿಲ್ಲ. ಪರದೆಯ ಮೇಲೆ ಮಗಳ ಮುಖ ಮೂಡುವ ಹೊತ್ತಿಗೆ ಆಕೆ ಹಿಂದಿನ ಬಾಗಿಲಿನಿಂದ ಬಂದು ಕೊನೆಯ ಸಾಲಿನಲ್ಲಿ ನಿಂತಳು. ಅವನ ಕಡೆ ನೋಡಲಿಲ್ಲ.

ಮೂಗಣ್ಣ ಮೈಕಿನ ಮುಂದೆ ಹೋಗಿ ಎಲ್ಲವನ್ನೂ ಹೇಳಿದ. ಜ್ವರ, ಶೀಶೆ, ಪಕ್ಕದ ಹುಬ್ಬು, ಹಸಿರು ಚೀಟಿ, ಮ್ಯಾನೇಜರಿಗೆ ಹೇಳಿದ 'ತಗೊಂಡಿದ್ದರು' ಎಂಬ ಮಾತು, ಒಂದನ್ನೂ ಬಿಡಲಿಲ್ಲ. ಮುಖ ಉರಿಯುತ್ತಿತ್ತು. ಯಾರೋ ಒಬ್ಬರು ಕೆಮ್ಮಿದರು.

"ವಾಸನೆ ಇಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು ಮಗಳು.

"ಗೊತ್ತಿತ್ತಮ್ಮ."

"ನಮ್ಮಮ್ಮ ನಿಮ್ಮನ್ನ ಕೇಳಿದ್ರಾ?"

"ಎರಡು ಸಲ ಕೇಳಿದ್ರು."

"ಮತ್ತೆ ಆವತ್ತು ನಾನು ಅಮ್ಮನಿಗೆ ಬೈಯುವಾಗ ನೀವು ಎಲ್ಲಿದ್ರಿ?"

"ಇಲ್ಲೇ. ಹಿಂದಿನ ಗೋಡೆ ಹತ್ರ ನಿಂತಿದ್ದೆ."

"ಕೇಳಿಸ್ಕೊಂಡು ನಿಂತಿದ್ರಾ?"

"ನಿಂತಿದ್ದೆ."

"ನೀವೂ ಒಬ್ಬ ಮನುಷ್ಯರಾ?" ಮಗಳ ದನಿ ಏರಿತು. "ನಮ್ಮಮ್ಮ ಅಷ್ಟು ಜನರ ಮುಂದೆ ತಪ್ಪಾಯ್ತು ಅಂತ ಹೇಳ್ತಿದ್ರೆ ನೀವು ಗೋಡೆಗೆ ಒರಗಿಕೊಂಡು..."

ಮೂಗಣ್ಣ ಕಣ್ಣು ಮುಚ್ಚಿ ಕಾದ. ಪೂರ್ತಿ ಬೈಯಲಿ. ಆ ಬೈಗುಳ ಅವನಿಗೆ ಬೇಕಿತ್ತು. ಅದು ತಲೆಯ ಮೇಲೆ ಬಿದ್ದರೆ ಸ್ವಲ್ಪವಾದರೂ ಹಗುರಾಗಬಹುದೆಂದು ಆಸೆಪಟ್ಟಿದ್ದ.

ಪಕ್ಕದಲ್ಲಿ ಚಪ್ಪಲಿಯ ಸದ್ದಾಯಿತು. ತಾಯಿ ಬಂದು ಅವನನ್ನು ಒಂದು ಹೆಜ್ಜೆ ಸರಿಸಿ, ಮೈಕಿನ ಮುಂದೆ ನಿಂತಳು.

"ಸಾಕು ಮಗಳೇ, ಅವರಿಗೆ ಬೈಬೇಡ," ಎಂದಳು. "ಇಷ್ಟು ಜನರ ಮುಂದೆ ಬೈಸ್ಕೊಂಡ್ರೆ ಹೇಗಾಗುತ್ತೆ ಅಂತ ನನಗೆ ಗೊತ್ತು."

ಪರದೆಯ ಮೇಲೆ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಮ್ಯಾನೇಜರು ತನ್ನ ಬೂಟು ನೋಡುತ್ತಿದ್ದ. ಮೂಗಣ್ಣನಿಗೆ ಅಲ್ಲಿಂದ ಸರಿಯಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅವನ ಪಾಲಿಗೆ ಬರಬೇಕಾಗಿದ್ದ ಬೈಗುಳವನ್ನು ಆಕೆ ತಡೆದುಬಿಟ್ಟಿದ್ದಳು, ಇನ್ನು ಅದು ಯಾವತ್ತೂ ಬರುವಂತಿರಲಿಲ್ಲ.

ಮಗಳು ಮುಖದಿಂದ ಕೈ ತೆಗೆಯುವವರೆಗೆ ತಾಯಿ ಕಾದಳು.

"ತಲೆನೋವು ಹೋಯ್ತಾ?" ಎಂದು ಕೇಳಿದಳು. "ಆವತ್ತು ಕೇಳೋಕಾಗ್ಲಿಲ್ಲ."